ಹಾರ್ಡ್ ಡಿಸ್ಕ್ ಕೈಕೊಟ್ಟರೆ ಮೊದಲು ಕಾಪಿ, ಆಮೇಲೆ ರಿಪೇರಿ

ಹಾರ್ಡ್ ಡಿಸ್ಕ್ ಕೈಕೊಡುತ್ತಿದೆ ಅಂತ ಅನುಮಾನ ಬಂದ ಕೂಡಲೇ ತುಂಬಾ ಜನ ವಿಂಡೋಸ್‌ನ ರಿಪೇರಿ ಆಜ್ಞೆ ಚೆಕ್‌ಡಿಸ್ಕ್ ಓಡಿಸಲು ಕೂರುತ್ತಾರೆ. ದಯವಿಟ್ಟು ಬೇಡ. ಅದು ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕವನ್ನು, ಸರಿಮಾಡುತ್ತದೆಯೇ ಹೊರತು ಡಿಸ್ಕನ್ನಲ್ಲ. ಸೋತು ಕೂತಿರುವ ಡಿಸ್ಕ್ ಮೇಲೆ ಅದನ್ನು ಬಿಟ್ಟರೆ ಓದಿಸಿ, ಬರೆಸಿ, ಉಳಿದಿದ್ದನ್ನೂ ಕೆಡಿಸಬಹುದು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು 500 ಜಿಬಿಯ ಎರಡೂವರೆ ಇಂಚಿನ ಸಾಟಾ ಡಿಸ್ಕ್. ವಿಂಡೋಸ್ ಬೂಟ್ ಆಗಲು ಹೊತ್ತು ಹಿಡಿಯುತ್ತಿತ್ತು, ಫೋಲ್ಡರ್ ತೆರೆದರೆ ಸುಮ್ನೆ ಸುತ್ತುತ್ತಾ ನಿಲ್ಲುತ್ತಿತ್ತು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಶೇ 100 ಅಂತ ತೋರಿಸುತ್ತಿದ್ದರೂ ಓದುವ ವೇಗ ಮಾತ್ರ ಕೆಬಿ ಲೆಕ್ಕದಲ್ಲಿತ್ತು. ವೈರಸ್ ಇರಬಹುದು ಅಂದವರೂ ಇದ್ದರು. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದರೆ ಹಳದಿ ಬಣ್ಣದಲ್ಲಿ 'ಕಾಶನ್' (ಎಚ್ಚರ) ಅಂತ ಬಂತು. ಅಲ್ಲಿ ನೋಡಬೇಕಾದದ್ದು ಮೂರೇ ಸಾಲು: 05, ಸಿ5, ಸಿ6. ಇದೇ ಕೆಲಸ ಮಾಡುವ ಲಿನಕ್ಸ್ ಆಜ್ಞೆ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಇವೇ 5, 197, 198. 05 ಅಂದರೆ ಡಿಸ್ಕ್ ಈಗಾಗಲೇ ಬದಲಿ ಜಾಗ ಕೊಟ್ಟು ಮುಗಿಸಿದ ಕೆಟ್ಟ ಸೆಕ್ಟರ್‌ಗಳು (ಡೇಟಾ ಇಡುವ ಚಿಕ್ಕ ಚಿಕ್ಕ ತುಂಡು ಜಾಗಗಳು). ಸಿ5 ಅಂದರೆ ಓದಲು ಹೋಗಿ ಓದಲಾಗದೆ, ಏನು ಮಾಡುವುದು ಅಂತ ಇನ್ನೂ ತೀರ್ಮಾನವಾಗದೆ ಕಾಯುತ್ತಿರುವವು. ಸಿ6 ಅಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗ ಓದಲಾಗದೆ ಹೋದವು. 05ರಲ್ಲಿ ನಾಲ್ಕಾರು ಇದ್ದು ಅಲ್ಲೇ ನಿಂತಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನನ್ನದರಲ್ಲಿ ಸಿ5 ನೋಡಿದಾಗೆಲ್ಲ ಏರುತ್ತಿತ್ತು. ಇನ್ನೊಂದು ವಿಷಯ, ಆ ಸಾಫ್ಟ್‌ವೇರ್ ಈ ಸಂಖ್ಯೆಗಳನ್ನು ಹೆಕ್ಸ್‌ನಲ್ಲಿ (ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ) ತೋರಿಸುತ್ತದೆ. 10 ಅಂತ ಕಂಡರೆ ಅದು 16. ಸೆಟ್ಟಿಂಗ್‌ನಲ್ಲಿ ದಶಮಾನಕ್ಕೆ ಬದಲಾಯಿಸಿಕೊಳ್ಳಿ.

ಹೊಸದಾಗಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್) ತಗೊಂಡೆ. ಇಲ್ಲಿ ಒಂದು ಸಣ್ಣ ತೊಡಕು ಇದೆ. 500 ಜಿಬಿ ಡಿಸ್ಕನ್ನು 480 ಜಿಬಿ ಎಸ್‌ಎಸ್‌ಡಿಗೆ ಸೆಕ್ಟರ್‌ಗೆ ಸೆಕ್ಟರ್ ಕಾಪಿ ಮಾಡಲು ಜಾಗ ಸಾಲದು. ಹಾಗಾಗಿ 1 ಟಿಬಿಯದ್ದನ್ನೇ ಆರಿಸಿದೆ.

ಆಮೇಲೆ ವಿಂಡೋಸನ್ನು ಮತ್ತೆ ಬೂಟ್ ಮಾಡಲೇ ಇಲ್ಲ. ಲಿನಕ್ಸ್ ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಹಳೆಯ ಡಿಸ್ಕನ್ನು ಒಳಗಿನ ಸಾಟಾ ಕನೆಕ್ಟರ್‌ನಲ್ಲೇ ಬಿಟ್ಟು, ಹೊಸದನ್ನು ಯುಎಸ್‌ಬಿ ಅಡಾಪ್ಟರ್‌ನಲ್ಲಿ ಸೇರಿಸಿ, ಹಳೆಯದನ್ನು ಮೌಂಟ್ ಮಾಡದೆ (ಅಂದರೆ ಅದರ ಫೈಲ್‌ಗಳನ್ನು ತೆರೆಯದೆ), ಕೆಟ್ಟ ಡಿಸ್ಕ್‌ನಿಂದ ಡೇಟಾ ಎತ್ತುವ ಗ್ನೂ ಡಿಡಿರೆಸ್ಕ್ಯೂ ಶುರು ಮಾಡಿದೆ. ಅದಕ್ಕೂ ಮುಂಚೆ ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಓಡಿಸಿ ಯಾವುದು ಹಳೆಯದು, ಯಾವುದು ಹೊಸದು ಅಂತ ಮಾಡೆಲ್ ಮತ್ತು ಸೀರಿಯಲ್ ನಂಬರ್ ನೋಡಿ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಇವೆರಡು ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ನಿಮ್ಮ ಫೋಟೊಗಳ ಮೇಲೆ ಕೂರುತ್ತದೆ, ಅಷ್ಟೇ.

ಡಿಡಿರೆಸ್ಕ್ಯೂ ಯಾಕೆ ಅಂದರೆ ಅದು ಹಠ ಮಾಡುವುದಿಲ್ಲ. ಓದಲಾಗದ ಜಾಗ ಸಿಕ್ಕರೆ ಹಾರಿ ಮುಂದೆ ಹೋಗುತ್ತದೆ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಏನು ಬಿಟ್ಟಿತು ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆ ಫೈಲನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಡಿ. ಲೈವ್ ಲಿನಕ್ಸ್‌ನ ಒಳಗಿಟ್ಟರೆ ರೀಸ್ಟಾರ್ಟ್ ಆದಾಗ ಮಾಯವಾಗುತ್ತದೆ. ಮೊದಲ ಸುತ್ತಿಗೆ 'ಮೈನಸ್ ಎನ್' ಕೊಟ್ಟೆ, ಅಂದರೆ ಕೆಟ್ಟ ಜಾಗವನ್ನು ಈಗಲೇ ಕೆರೆಯಬೇಡ ಅಂತ. ಪರದೆಯಲ್ಲಿ ವೇಗ ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಸೊನ್ನೆಗೆ ಬೀಳುತ್ತಿತ್ತು, ಡಿಸ್ಕ್ ಟಕ್ ಟಕ್ ಅನ್ನುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಓಡುತ್ತಿತ್ತು. ಆಗ ಕೈ ಹಾಕಬಾರದು. ಎರಡನೇ ಸುತ್ತಿನಲ್ಲಿ 'ಮೈನಸ್ ಡಿ, ಮೈನಸ್ ಆರ್ 3' ಕೊಟ್ಟು, ಅಂದರೆ ಡಿಸ್ಕನ್ನು ನೇರವಾಗಿ ಓದು, ಮೂರು ಸಲ ಮರುಪ್ರಯತ್ನ ಮಾಡು ಅಂತ ಹೇಳಿ, ಬಿಟ್ಟುಹೋದ ಜಾಗಗಳನ್ನಷ್ಟೇ ಮತ್ತೆ ಓದಿಸಿದೆ. ಕೊನೆಗೂ ಸಿಗದೆ ಉಳಿದದ್ದು ತೀರಾ ಕಡಿಮೆ.

ಉಳಿದದ್ದು ಯಾವ ಫೈಲ್‌ಗಳಲ್ಲಿದೆ ಅಂತ ತಿಳಿಯಬೇಕಲ್ವಾ? ಇದಕ್ಕೆ ಡಿಡಿರೆಸ್ಕ್ಯೂನಲ್ಲೇ ಫಿಲ್ ಮೋಡ್ ಇದೆ, ನನಗೆ ತುಂಬಾ ಇಷ್ಟವಾದದ್ದು ಇದೇ. ಹೊಸ ಡಿಸ್ಕ್‌ನಲ್ಲಿ ತೂತು ಬಿದ್ದ ಸೆಕ್ಟರ್‌ಗಳಲ್ಲೆಲ್ಲ ಒಂದು ಗುರುತಿನ ಪದ ತುಂಬಿಸಿ, ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಆ ಪದವನ್ನು ಗ್ರೆಪ್ ಅನ್ನುವ ಲಿನಕ್ಸ್ ಆಜ್ಞೆಯಿಂದ ಹುಡುಕಿಸಿದರೆ ಹಾಳಾದ ಫೈಲ್‌ಗಳ ಪಟ್ಟಿ ಕೈಗೆ ಬರುತ್ತದೆ. ನನಗೆ ಸಿಕ್ಕಿದ್ದು ಒಂದು ವಿಡಿಯೊ ಮತ್ತು ವಿಂಡೋಸ್‌ನ ಕೆಲವು ಡಿಎಲ್‌ಎಲ್ (ಸಿಸ್ಟಮ್ ಫೈಲ್). ಬಿಟ್‌ಲಾಕರ್ (ಡೇಟಾವನ್ನು ಗೂಢಲಿಪಿ ಮಾಡಿ ಹಾಕುವ ವಿಂಡೋಸ್ ಬೀಗ) ಹಾಕಿದ ಡ್ರೈವ್‌ನಲ್ಲಿ ಈ ಉಪಾಯ ಹೀಗೇ ನಡೆಯುವುದಿಲ್ಲ. ಅಂಥದ್ದಕ್ಕೆ 48 ಅಂಕಿಯ ರಿಕವರಿ ಕೀ ಮೊದಲೇ ಹುಡುಕಿಟ್ಟುಕೊಳ್ಳಿ.

ಡಿಸ್ಕ್ ಬದಲಾಯಿಸುವುದು ಹೇಳುವಂಥ ಕೆಲಸವೇನಲ್ಲ. ಬ್ಯಾಟರಿ ಕನೆಕ್ಟರ್ ಬಿಚ್ಚಿ, ನಾಲ್ಕು ಸ್ಕ್ರೂ ತೆಗೆದರೆ ಆಯಿತು. ಹಳೆಯದು 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7, ಹಾಗಾಗಿ ಅಲುಗಾಡದಂತೆ ಪ್ಲಾಸ್ಟಿಕ್ ಸ್ಪೇಸರ್ ಅಂಟಿಸಿದೆ. ಹೊಸದರಿಂದ ಬೂಟ್ ಮಾಡುವಾಗ ಹಳೆಯದನ್ನು ಜೊತೆಗೆ ಸಿಕ್ಕಿಸಬೇಡಿ. ಎರಡರ ಗುರುತೂ ಒಂದೇ ಆಗಿರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ.

ವಿಂಡೋಸ್ ಎದ್ದಿತು. ಈಗ ಚೆಕ್‌ಡಿಸ್ಕ್ ಓಡಿಸಿದೆ, ಯಾಕೆಂದರೆ ಈಗ ಕೆಳಗಿರುವ ಡಿಸ್ಕ್ ಗಟ್ಟಿ. ವಿಂಡೋಸ್‌ನ ಸ್ವಂತ ಫೈಲ್‌ಗಳನ್ನು ಪರೀಕ್ಷಿಸುವ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಕೆಲವು ಫೈಲ್ ಸರಿಮಾಡಲಾಗಲಿಲ್ಲ ಅಂದಿತು. ಎಸ್‌ಎಫ್‌ಸಿ ಬಳಸುವ ಮೂಲ ಪ್ರತಿಗಳನ್ನು ಸರಿಮಾಡುವ ಡಿಐಎಸ್‌ಎಂನಿಂದ ರಿಸ್ಟೋರ್‌ಹೆಲ್ತ್ ಮಾಡಿಸಿ ಮತ್ತೆ ಎಸ್‌ಎಫ್‌ಸಿ ಓಡಿಸಿದಾಗ ಎಲ್ಲ ಸರಿಹೋಯಿತು. ಗ್ರೆಪ್ ಪಟ್ಟಿಯಲ್ಲಿ ರಿಜಿಸ್ಟ್ರಿಯ (ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜ) ಫೈಲ್‌ಗಳು ಬಂದಿದ್ದರೆ ಇಷ್ಟೆಲ್ಲ ಹೆಣಗುತ್ತಿರಲಿಲ್ಲ, 8 ಜಿಬಿ ಪೆನ್‌ಡ್ರೈವ್‌ನಲ್ಲಿ ಇನ್‌ಸ್ಟಾಲರ್ ಮಾಡಿಕೊಂಡು ಹೊಸದಾಗೇ ಹಾಕುತ್ತಿದ್ದೆ. ಆಕ್ಟಿವೇಶನ್ ಬಗ್ಗೆ ಭಯ ಬೇಡ. ಡಿಜಿಟಲ್ ಲೈಸೆನ್ಸ್ ಅಂಟಿಕೊಂಡಿರುವುದು ಮುಖ್ಯವಾಗಿ ಮದರ್‌ಬೋರ್ಡ್‌ಗೆ.

ಮಿಕ್ಕ ಜಾಗವನ್ನು ಸಿ ಡ್ರೈವ್‌ಗೆ ಸೇರಿಸಲು ಹೋದರೆ 'ಎಕ್ಸ್‌ಟೆಂಡ್' ಮಂಕಾಗಿ ಕೂತಿತ್ತು. ಮಧ್ಯದಲ್ಲಿ ರಿಕವರಿ ಪಾರ್ಟಿಶನ್ (ವಿಂಡೋಸ್ ರಿಪೇರಿಗೆ ಮೀಸಲಿಟ್ಟ ಡಿಸ್ಕ್‌ನ ಭಾಗ) ಅಡ್ಡ ಬಂದಿರುತ್ತದೆ. ಪಾರ್ಟಿಶನ್ ಸರಿಸುವ ಲಿನಕ್ಸ್ ಸಾಫ್ಟ್‌ವೇರ್ ಜಿಪಾರ್ಟೆಡ್ ತೆರೆದು, ಜಿಪಿಟಿ (ಪಾರ್ಟಿಶನ್‌ಗಳ ಪಟ್ಟಿ) ಸರಿಮಾಡಲಾ ಅಂತ ಅದು ಕೇಳಿದ್ದಕ್ಕೆ ಹೂಂ ಅಂದು, ರಿಕವರಿಯನ್ನು ಕೊನೆಗೆ ತಳ್ಳಿದೆ.

ಹಳೆಯ ಡಿಸ್ಕನ್ನು ಎಲ್ಲ ಫೈಲ್ ತೆರೆದು ನೋಡುವ ತನಕ ಇಟ್ಟುಕೊಂಡಿದ್ದೆ. ಬದಲಿ ಕೊಟ್ಟ ಸೆಕ್ಟರ್‌ಗಳಲ್ಲಿ ಉಳಿದ ಡೇಟಾವನ್ನು ಮಾಮೂಲಿಯಾಗಿ ಮೇಲೆ ಬರೆದು ಅಳಿಸಲು ಬರುವುದಿಲ್ಲ, ಹಾಗಾಗಿ ಡ್ರಿಲ್ ಹಾಕಿದೆ. ಕಣ್ಣಿಗೆ ಕನ್ನಡಕ ಇರಲಿ, ಈ ಅಳತೆಯ ಡಿಸ್ಕ್‌ಗಳ ತಟ್ಟೆ ಎಷ್ಟೋ ಸಲ ಗಾಜಿನದು.