ಸ್ಮಾರ್ಟ್ ಸಾಧನಗಳಿರುವ ಮನೆಗೆ ರೂಟರ್ ಆರಿಸುವ ಬಗೆ

ರೂಟರ್ ಕೊಳ್ಳುವಾಗ ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸಿರುವ ವೇಗದ ಅಂಕಿಯನ್ನು ನೋಡಿಯೇ ತೀರ್ಮಾನಿಸುವುದು ರೂಢಿ. ಸಾಮಾನ್ಯವಾಗಿ ಎಲ್ಲ ಬ್ಯಾಂಡ್‌ಗಳ (ರೂಟರ್ ಬಳಸುವ ರೇಡಿಯೊ ಆವರ್ತನ ಪಟ್ಟಿಗಳ) ಗರಿಷ್ಠ ವೇಗವನ್ನು ಕೂಡಿಸಿ ಬರೆದಿರುವ ಆ ಅಂಕಿ, ಸ್ಮಾರ್ಟ್ ಬಲ್ಬು, ಪ್ಲಗ್ಗು, ಸೆನ್ಸರ್‌ಗಳ ಮಟ್ಟಿಗೆ ಹೆಚ್ಚೇನೂ ಹೇಳುವುದಿಲ್ಲ. ಅವು ರವಾನಿಸುವ ಮಾಹಿತಿ ತೀರಾ ಕಡಿಮೆ. ಹಗಲಿರುಳು ಕಡಿಯದೆ ಉಳಿಯುವ ಸಂಪರ್ಕವೊಂದಿದ್ದರೆ ಅವುಗಳಿಗೆ ಸಾಕು.

ಆದ್ದರಿಂದ ಮೊದಲು ಗಮನಿಸಬೇಕಾದದ್ದು 2.4 ಗಿಗಾಹರ್ಟ್ಸ್ ಬ್ಯಾಂಡ್. ಈ ಬಗೆಯ ಅಗ್ಗದ ಸಾಧನಗಳಲ್ಲಿ ಹೆಚ್ಚಿನವು ಇದನ್ನು ಮಾತ್ರ ಬಳಸುತ್ತವೆ. ಇದರ ವೇಗ ಕಡಿಮೆಯಾದರೂ ಗೋಡೆಗಳನ್ನು ದಾಟಿ 5 ಗಿಗಾಹರ್ಟ್ಸ್‌ಗಿಂತ ದೂರ ತಲುಪುತ್ತದೆ. ಇಂದಿನ ಹಲವು ರೂಟರ್‌ಗಳು ಎರಡೂ ಬ್ಯಾಂಡ್‌ಗಳನ್ನು ಒಂದೇ ಹೆಸರಿನಡಿ ತೋರಿಸುತ್ತವೆ. ಫೋನಿಗೆ ಇದು ಅನುಕೂಲವೇ. ಆದರೆ ಹೊಸ ಬಲ್ಬನ್ನು ಜೋಡಿಸುವಾಗ ಫೋನು 5ರಲ್ಲಿದ್ದು ಬಲ್ಬು 2.4ರಲ್ಲಷ್ಟೇ ಮಾತಾಡಬಲ್ಲದ್ದಾದರೆ, ಕೆಲವು ಆ್ಯಪ್‌ಗಳು ಸಾಧನ ಸಿಗುತ್ತಿಲ್ಲವೆಂದು ಹೇಳಿ ನಿಂತುಬಿಡುತ್ತವೆ, ಬಲ್ಬು ಮಿಣುಕುತ್ತಲೇ ಇರುತ್ತದೆ. 2.4 ಬ್ಯಾಂಡಿಗೆ ಪ್ರತ್ಯೇಕ ಹೆಸರು ಕೊಡಲು, ಅಥವಾ ಜೋಡಣೆಯ ಹೊತ್ತಿಗಾದರೂ 5 ಅನ್ನು ನಿಲ್ಲಿಸಲು ಅವಕಾಶವಿರುವ ರೂಟರನ್ನೇ ಆರಿಸಬೇಕು. 2.4 ಬ್ಯಾಂಡಿನ ಚಾನೆಲನ್ನು, ಅಂದರೆ ಅದರೊಳಗಿನ ಉಪವಿಭಾಗವನ್ನು, 1, 6 ಅಥವಾ 11ಕ್ಕೆ, ಅದರ ಅಗಲವನ್ನು 20 ಮೆಗಾಹರ್ಟ್ಸ್‌ಗೆ ನಿಗದಿಪಡಿಸಲು ಬಂದರೆ ನೆರೆಮನೆಗಳ ಸಿಗ್ನಲ್‌ಗಳ ನಡುವೆಯೂ ಸಂಪರ್ಕ ಸ್ಥಿರವಾಗಿರುವ ಸಾಧ್ಯತೆ ಹೆಚ್ಚು. ತಯಾರಕರ ಜಾಲತಾಣದಲ್ಲಿ ಬಳಕೆದಾರರ ಕೈಪಿಡಿ ಸಿಗುವುದಾದರೆ, ಈ ಆಯ್ಕೆಗಳು ಇವೆಯೇ ಎಂಬುದನ್ನು ಕೊಳ್ಳುವ ಮೊದಲೇ ಓದಿ ಖಚಿತಪಡಿಸಿಕೊಳ್ಳಬಹುದು.

ಎರಡನೆಯದು ಏಕಕಾಲಕ್ಕೆ ಎಷ್ಟು ಸಾಧನಗಳನ್ನು ನಿಭಾಯಿಸುತ್ತದೆ ಎಂಬುದು. ಪ್ರತಿ ಸ್ವಿಚ್ಚು, ಪ್ರತಿ ಬಲ್ಬು ಒಂದೊಂದು ಸಂಪರ್ಕವೆಂದು ಎಣಿಸಿದರೆ ಸಂಖ್ಯೆ ಬೇಗ ಏರುತ್ತದೆ. ವೈಫೈ 6 ಎಂಬ ವೈಫೈ ಪೀಳಿಗೆಯನ್ನು ರೂಪಿಸಿದ್ದೇ ಹೀಗೆ ಸಾಧನಗಳು ಕಿಕ್ಕಿರಿದಿರುವ ಜಾಲಗಳನ್ನು ಗಮನದಲ್ಲಿಟ್ಟುಕೊಂಡು. ಹಳೆಯ ಬಲ್ಬುಗಳಿಗೆ ಅದರ ಸೌಲಭ್ಯಗಳು ನೇರವಾಗಿ ದಕ್ಕುವುದಿಲ್ಲವಾದರೂ, ಹೊಸ ಫೋನು, ಲ್ಯಾಪ್‌ಟಾಪುಗಳು ತಮ್ಮ ಕೆಲಸವನ್ನು ಬೇಗ ಮುಗಿಸುವುದರಿಂದ ಉಳಿದವುಗಳಿಗೆ ಹೆಚ್ಚು ಅವಕಾಶ ಸಿಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಹಣ ಉಳಿಸಲು ಹೋಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ. 2016ರಲ್ಲಿ ಹಬ್ಬಿದ ಮಿರಾಯ್ ಎಂಬ ಕುತಂತ್ರಾಂಶವು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟಿದ್ದ ಕ್ಯಾಮೆರಾ ಮತ್ತು ರೂಟರ್‌ಗಳನ್ನೇ ವಶಪಡಿಸಿಕೊಂಡು ಅಂತರ್ಜಾಲದ ದೊಡ್ಡ ಸೇವೆಗಳ ಮೇಲೆ ದಾಳಿ ನಡೆಸಿತ್ತು. ಆದ್ದರಿಂದ ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಅಪ್‌ಡೇಟ್‌ಗಳನ್ನು ತಾನಾಗಿಯೇ ಪಡೆಯುವ, ಅವು ಎಷ್ಟು ವರ್ಷ ಸಿಗುತ್ತವೆಂದು ತಯಾರಕರು ಸ್ಪಷ್ಟವಾಗಿ ತಿಳಿಸಿರುವ ಮಾದರಿಗೆ ಆದ್ಯತೆ ಕೊಡಿ. ವೈಫೈ ಸಂಪರ್ಕವನ್ನು ಕಾಪಾಡುವ ಹೊಸ ಭದ್ರತಾ ವಿಧಾನವಾದ ಡಬ್ಲ್ಯೂಪಿಎ3 ಇರಲಿ, ಆದರೆ ಅದಕ್ಕಿಂತ ಹಳೆಯ ಡಬ್ಲ್ಯೂಪಿಎ2 ಜೊತೆ ಬೆರೆಸಿ ನಡೆಸುವ ಆಯ್ಕೆಯೂ ಇರಲಿ. ಇಲ್ಲವಾದರೆ ಹಳೆಯ ಸಾಧನಗಳು ಜೋಡಣೆಯಾಗುವುದೇ ಇಲ್ಲ. ಸ್ಮಾರ್ಟ್ ಸಾಧನಗಳನ್ನು ಬೇರೆ ಜಾಲದಲ್ಲಿ ಇರಿಸುವ ಸೌಲಭ್ಯ ಅತ್ಯಗತ್ಯ. ಇದಕ್ಕೆ ಅತಿಥಿ ಜಾಲವನ್ನು (ಮನೆಗೆ ಬಂದವರಿಗೆಂದು ರೂಟರ್ ಒದಗಿಸುವ ಪ್ರತ್ಯೇಕ ವೈಫೈ) ಬಳಸುವುದಾದರೆ ಒಂದು ಎಚ್ಚರಿಕೆ: ಅದು ಸಾಮಾನ್ಯವಾಗಿ ಸಾಧನಗಳನ್ನು ಮುಖ್ಯ ಜಾಲದಿಂದ, ಹಲವೊಮ್ಮೆ ಪರಸ್ಪರವೂ ಬೇರ್ಪಡಿಸುವುದರಿಂದ, ಫೋನಿನಿಂದ ನೇರ ನಿಯಂತ್ರಣ ಬಯಸುವ ಟಿವಿ, ಸ್ಪೀಕರ್‌ಗಳು ಕಾಣಿಸದೆ ಹೋಗಬಹುದು.

ಮನೆ ದೊಡ್ಡದಾದರೆ ಒಂದೇ ಬಲಶಾಲಿ ರೂಟರಿಗಿಂತ ಹಲವು ಘಟಕಗಳನ್ನು ಮನೆಯಲ್ಲಿ ಅಲ್ಲಲ್ಲಿ ಇಟ್ಟು ಒಂದೇ ಜಾಲವಾಗಿಸುವ ಮೆಶ್ ವ್ಯವಸ್ಥೆ ಮೇಲು, ಅದರ ಘಟಕಗಳನ್ನು ಕೇಬಲ್ಲಿನಿಂದ ಜೋಡಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಮ್ಯಾಟರ್ (ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಸಾಧನಗಳು ಒಟ್ಟಿಗೆ ಕೆಲಸ ಮಾಡಲೆಂದಿರುವ ಮಾನದಂಡ) ಸಾಧನಗಳಲ್ಲಿ, ವೈಫೈ ಬದಲು ಥ್ರೆಡ್ ಎಂಬ ಕಡಿಮೆ ವಿದ್ಯುತ್ತಿನ ನಿಸ್ತಂತು ಜಾಲವನ್ನು ಬಳಸುವಂಥವನ್ನು ಕೊಳ್ಳುವ ಯೋಚನೆಯಿದ್ದರೆ, ಆ ಜಾಲವನ್ನು ಮನೆಯ ಜಾಲಕ್ಕೆ ಬೆಸೆಯುವ ಥ್ರೆಡ್ ಬಾರ್ಡರ್ ರೂಟರ್ ಬೇಕಾಗುತ್ತದೆ. ಕೆಲವು ರೂಟರ್‌ಗಳಲ್ಲಿ ಅದು ಒಳಗೇ ಇರುತ್ತದೆ, ಕೆಲವು ಸ್ಮಾರ್ಟ್ ಸ್ಪೀಕರ್‌ಗಳಲ್ಲೂ ಇರುವುದರಿಂದ ಅದಕ್ಕೆಂದೇ ಹೆಚ್ಚು ಹಣ ತೆರುವ ಮೊದಲು ಮನೆಯಲ್ಲಿರುವುದನ್ನು ನೋಡಿಕೊಳ್ಳಿ.

ಹೊಸ ರೂಟರಿಗೆ ಹಳೆಯ ಜಾಲದ ಹೆಸರು, ಪಾಸ್‌ವರ್ಡು ಮತ್ತು ಭದ್ರತಾ ವಿಧಾನವನ್ನೇ ಕೊಟ್ಟರೆ ಹೆಚ್ಚಿನ ಸಾಧನಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಆದರೆ ಹಳೆಯ ಪಾಸ್‌ವರ್ಡು ದುರ್ಬಲವಾಗಿದ್ದರೆ ಈ ಅನುಕೂಲವನ್ನು ಬಿಟ್ಟುಕೊಟ್ಟು, ಒಂದೊಂದನ್ನೂ ಹೊಸದಾಗಿ ಜೋಡಿಸುವುದೇ ಸರಿ.