ಡೀಸೆಲ್ ಎಂಜಿನ್ ಹಾಕದೆ ಉಳಿಸಿಕೊಂಡ ಪೆಟ್ರೋಲ್ ಜೀಪು: ನನ್ನ ಅನುಭವ

"ಡೀಸೆಲ್ ಎಂಜಿನ್ ಕೂರಿಸಿ ಮಾರಿಬಿಡು ಮಾರಾಯ, ಪೆಟ್ರೋಲ್ ಜೀಪು ಯಾರಿಗೆ ಬೇಕು?" ಮೂಡಿಗೆರೆ ಕಡೆ ನನಗೆ ಈ ಮಾತು ಹೇಳದ ಮೆಕ್ಯಾನಿಕ್ ಇಲ್ಲ. ಕಳೆದ ಫೆಬ್ರವರಿಯಲ್ಲಿ ಅದೇ ಸಿಜೆ-3ಬಿ (ಹಳೇ ಜೀಪಿನ ಒಂದು ಮಾಡೆಲ್), ಅದೇ ಪೆಟ್ರೋಲ್ ಎಂಜಿನ್ ಸಮೇತ, 5.5 ಲಕ್ಷಕ್ಕೆ ಹೋಯಿತು. ಬೇಡ ಅಂದವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಬಂದು ಕಾರ್ಬ್ಯುರೇಟರ್ ಸೆಟ್ಟಿಂಗ್ ಕೇಳುತ್ತಾರೆ.

ನಾನು ಹಠ ಹಿಡಿದಿದ್ದಕ್ಕೆ ಕಾರಣ ಇದೆ. 2017ರಲ್ಲಿ ಕೊಂಡ ನನ್ನ ಮೊದಲ ಜೀಪಿಗೆ ಯಾರೋ ಡೀಸೆಲ್ ಎಂಜಿನ್ ಹಾಕಿದ್ದರು. ಆರ್‌ಸಿಯಲ್ಲಿ ಮಾತ್ರ ಪೆಟ್ರೋಲ್ ಅಂತಲೇ ಇತ್ತು, ಎಂಜಿನ್ ನಂಬರೂ ಬೇರೆ. "ಅದೆಲ್ಲ ಮಾಡಿಸಿಕೊಳ್ಳಬಹುದು" ಅಂದರು, ನಂಬಿದೆ. ಎಫ್‌ಸಿಗೆ (ಗಾಡಿಯ ಯೋಗ್ಯತಾ ಪತ್ರಕ್ಕೆ) ಹೋದಾಗ ಆಗಲಿಲ್ಲ. ಎರಡು ವರ್ಷ ಶೆಡ್ಡಿನಲ್ಲಿ ನಿಂತ ಮೇಲೆ ಬಿಡಿಭಾಗದ ಲೆಕ್ಕದಲ್ಲಿ ಮಾರಿದೆ. ಹತ್ತಿರ ಹತ್ತಿರ 70 ಸಾವಿರ ಹೋಯಿತು. ಅವತ್ತಿನಿಂದ ನಾನು ಮೊದಲು ನೋಡುವುದು ಆರ್‌ಸಿ, ಆಮೇಲೆ ಚಾಸಿ ನಂಬರ್, ಕೊನೆಗೆ ಜೀಪು.

ಈ ಗಾಡಿ 1974ರ ಮಾಡೆಲ್. ಸಕಲೇಶಪುರದ ಆಚೆ ಒಂದು ತೋಟದ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆ ಹಿಂದೆ 9 ವರ್ಷ ನಿಂತಿತ್ತು. ಒಳಗೆಲ್ಲ ಸಿಲ್ವರ್ ಓಕ್ ಎಲೆ, ಸೀಟಿನಲ್ಲಿ ಇಲಿ ಗೂಡು. ಎಂಜಿನ್ ಜಾಮ್. ಆದರೆ ನಂಬರು ಎಲ್ಲಾ ಸರಿ ಇತ್ತು, ಎಂಜಿನ್ ಬದಲಾಗಿರಲಿಲ್ಲ. ಸಾಹುಕಾರರು 1.8 ಲಕ್ಷ ಹೇಳಿದರು. ಮೂರು ಸಲ ಹೋಗಿ ಕಾಫಿ ಕುಡಿದು 1.35ಕ್ಕೆ ಮುಗಿಸಿದೆ.

ಮೊದಲು ಎಂಜಿನ್. 2.2 ಲೀಟರಿನ ಈ ಪೆಟ್ರೋಲ್ ಎಂಜಿನ್ನಿಗೆ ಹರಿಕೇನ್ ಅಂತ ಹೆಸರು. ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಗ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ, ಅದಕ್ಕೇ ಬಾನೆಟ್ ಅಷ್ಟು ಎತ್ತರ. ಜಾಮ್ ಬಿಡಿಸಲು 12 ದಿನ ಬೇಕಾಯಿತು. ಬೋರಿಗೆ (ಪಿಸ್ಟನ್ ಓಡುವ ಕೊಳವೆಗೆ) ಏನೇನು ಬೆರೆಸಿ ಸುರಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಸುತ್ತಿಗೆ ಮಾತ್ರ ಮುಟ್ಟಲಿಲ್ಲ. ಹಾಸನದಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದೆ.

ಇಲ್ಲಿ ದೊಡ್ಡ ತಪ್ಪು ಮಾಡಿದೆ. ಎಗ್ಸಾಸ್ಟ್ ವಾಲ್ವ್ ಸೀಟು (ವಾಲ್ವ್ ಬಂದು ಕೂರುವ ಅಂಚು) ನೋಡಲು ಚೆನ್ನಾಗಿದ್ದವು. ಸುಮ್ನೆ ಗ್ರೈಂಡ್ ಮಾಡಿ ಕೂರಿಸಿದೆ. 600 ಕಿ.ಮೀ. ಓಡಿರಬಹುದು, ಚಾರ್ಮಾಡಿ ಘಾಟಿ ಹತ್ತುವಾಗ ಶಕ್ತಿಯೇ ಇಲ್ಲ. ಮೂರನೇ ಸಿಲಿಂಡರಿನಲ್ಲಿ ಕಂಪ್ರೆಷನ್ ಬಿದ್ದಿತ್ತು, ಅಂದರೆ ವಾಲ್ವ್ ಸೀಟು ಸವೆದು ಒತ್ತಡ ನಿಲ್ಲುತ್ತಿರಲಿಲ್ಲ. ಈ ಎಂಜಿನ್ ಸೀಸ ಬೆರೆಸಿದ ಪೆಟ್ರೋಲ್ ಕುಡಿದು ಬೆಳೆದದ್ದು. ಆ ಸೀಸವೇ ವಾಲ್ವ್ ಸೀಟನ್ನು ಕಾಯುತ್ತಿತ್ತು. 2000ದಲ್ಲಿ ಆ ಪೆಟ್ರೋಲ್ ನಿಂತಿತು. ಮತ್ತೆ ಎಲ್ಲಾ ಬಿಚ್ಚಿ, ಲೇತಿನವರ ಹತ್ತಿರ ಗಟ್ಟಿ ಲೋಹದ ಸೀಟ್ ಹಾಕಿಸಿದೆ. ಎರಡನೇ ಸಲಕ್ಕೆ 22 ಸಾವಿರ. ಮೊದಲೇ ಮಾಡಿಸಿದ್ದರೆ 8 ಸಾವಿರದಲ್ಲಿ ಮುಗಿಯುತ್ತಿತ್ತು.

ಇನ್ನೊಂದು ಈಗಿನ ಕಾಟ. ಪೆಟ್ರೋಲ್‌ನಲ್ಲಿ ಎಥನಾಲ್ ಜಾಸ್ತಿ ಆದಮೇಲೆ ಹಳೇ ರಬ್ಬರ್ ಬಾಳುವುದಿಲ್ಲ. ಗೋದಾಮಿನಿಂದ ತಂದ ಹಳೇ ಸ್ಟಾಕಿನ ಫ್ಯೂಯಲ್ ಪಂಪ್ ಡಯಾಫ್ರಮ್ (ರಬ್ಬರ್ ಪೊರೆ) ಎರಡು ತಿಂಗಳಲ್ಲಿ ಉಬ್ಬಿ ಹೋಯಿತು. ಹೊಸ ರಬ್ಬರಿನದು ಎಲ್ಲಿ ಸಿಗುತ್ತದೆ ಅಂತ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದರೆ ನಿಮಗೇ ತಿಳಿಯುತ್ತದೆ. ನಾನು ಹಾಗೇ ಕಂಡುಕೊಂಡದ್ದು.

ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವುದರ ಕಥೆ ಇನ್ನೂ ಕಷ್ಟದ್ದು. ಟೂ ವೀಲಿನಲ್ಲಿ ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಫೋರ್ ಹಾಕಿ ಗಟ್ಟಿ ನೆಲದಲ್ಲಿ ಹತ್ತು ಮಾರು ಹೋದರೆ ಬಿಗಿದುಕೊಂಡು ನಿಲ್ಲುತ್ತಿತ್ತು, ಲಿವರ್ ವಾಪಸ್ ಬರುತ್ತಿರಲಿಲ್ಲ. ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) ಹೋಗಿದೆ ಅಂತ ಎಲ್ಲರೂ ಹೇಳಿದರು. ಬಿಚ್ಚಿ, ಇಂಟರ್‌ಮೀಡಿಯೆಟ್ ಶಾಫ್ಟು, ಬೇರಿಂಗು ಎಲ್ಲಾ ಹೊಸದು ಹಾಕಿದೆ. 14 ಸಾವಿರ. ಮತ್ತೆ ಅದೇ ಕಥೆ. ಒಂದು ರಾತ್ರಿ ನಿದ್ದೆ ಬರದೆ ಎದ್ದು ಹೋಗಿ ಹಿಂದಿನ ಎರಡೂ ಚಕ್ರ ಎತ್ತಿ, ಎರಡನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ (ಚಕ್ರದ ಕಡೆಗೆ ಶಕ್ತಿ ಒಯ್ಯುವ ಸರಳು) ಎಷ್ಟು ಸುತ್ತಿತು ಅಂತ ಎಣಿಸಿದೆ. ಮುಂದೆಯೂ ಹಾಗೇ ಮಾಡಿದೆ. ಮುಂದೆ ಐದೂಕಾಲಿಗಿಂತ ಸ್ವಲ್ಪ ಜಾಸ್ತಿ, ಹಿಂದೆ ಐದಕ್ಕೂ ಕಮ್ಮಿ! ಯಾವ ಕಾಲದಲ್ಲೋ ಹಿಂದಿನ ಹೌಸಿಂಗಿಗೆ (ಆಕ್ಸಲ್ಲಿಗೆ) ಬೇರೆ ಗಾಡಿಯ ಕ್ರೌನ್ ಪಿನಿಯನ್, ಅಂದರೆ ಶಾಫ್ಟಿನ ಸುತ್ತನ್ನು ಚಕ್ರಕ್ಕೆ ಕೊಡುವ ಹಲ್ಲುಚಕ್ರದ ಜೋಡಿ, ಹಾಕಿದ್ದರು. ಮುಂದೆ ಇದ್ದದ್ದು ಮೂಲದ 43 ಹಲ್ಲು, 8 ಹಲ್ಲಿನ ಸೆಟ್ಟು. ಎರಡು ಕಡೆ ಎರಡು ಲೆಕ್ಕ ಇದ್ದು ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಹೊರಟರೆ ಟ್ರಾನ್ಸ್‌ಫರ್ ಕೇಸ್ ಪಾಪ ಏನು ಮಾಡೀತು? ಗುಜರಿಯಲ್ಲಿ ಜೋಡಿ ಹುಡುಕಲು ಆರು ವಾರ ಹಿಡಿಯಿತು. ಹಾಕಿದ ದಿನವೇ ಲೋ ಗೇರಿನಲ್ಲಿ ಹಾಕಿ ಗದ್ದೆ ಬದಿಯ ಕೆಸರಿನಲ್ಲಿ ಹತ್ತಿಸಿದೆ. ಜೀಪು ಕೊಳ್ಳುವಾಗ ನೀವು ಬೇರೆ ಏನು ನೋಡದಿದ್ದರೂ ಈ ಸುತ್ತು ಎಣಿಸಿ ನೋಡಿ. ಒಂದು ಜ್ಯಾಕು, ಒಂದು ಸೀಮೆಸುಣ್ಣ ಸಾಕು.

ತುಕ್ಕಿಗೆ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕ) ಪ್ರಯೋಗ ಮಾಡಿದೆ. ಮಂಡ್ಯ ಕಡೆಯ ನೆಂಟರ ಮನೆಯಲ್ಲಿ ದನಕ್ಕೆ ಅಂತ ಇಟ್ಟಿದ್ದರಲ್ಲಿ ಎರಡು ಕ್ಯಾನ್ ತಂದೆ. ಒಂದು ಪಾಲು ಕಾಕಂಬಿಗೆ ಎಂಟೊಂಬತ್ತು ಪಾಲು ನೀರು, ದೊಡ್ಡ ಡ್ರಮ್ಮು, ಸುಮಾರು ಮೂರು ವಾರ. ಹಿಂಜು, ಬ್ರಾಕೆಟ್, ಬೋಲ್ಟು, ಬ್ರೇಕ್ ಡ್ರಮ್ಮು ಎಲ್ಲಾ ಬರಿ ಕಬ್ಬಿಣವಾಗಿ ಹೊರಗೆ ಬಂದವು. ಆ್ಯಸಿಡ್‌ನ ಹಾಗೆ ಒಳ್ಳೆ ಕಬ್ಬಿಣವನ್ನು ತಿನ್ನುವುದಿಲ್ಲ. ವಾಸನೆ ಮಾತ್ರ ಊರಿಗೆಲ್ಲ. ಆದರೆ ಅದೇ ಉತ್ಸಾಹದಲ್ಲಿ ಹಳೇ ಕಾರ್ಬ್ಯುರೇಟರ್ ಬಾಡಿಯನ್ನೂ ಹಾಕಿದೆ. ಒಂದು ವಾರಕ್ಕೇ ಗುಳಿ ಗುಳಿ ಬಿದ್ದಿತ್ತು. ಅಲ್ಯೂಮಿನಿಯಂ, ಸತುವಿನ ಎರಕ ಯಾವುದನ್ನೂ ಅದರೊಳಗೆ ಹಾಕಬೇಡಿ. ಡ್ರೈವರ್ ಸೀಟಿನ ಕೆಳಗಿನ ಪೆಟ್ರೋಲ್ ಟ್ಯಾಂಕಿಗೆ ಬೇರೆ ಉಪಾಯ ಮಾಡಿದೆ: ಒಂದು ಸೇರು ಜಲ್ಲಿ ಹಾಕಿ, ಮುಚ್ಚಿ, ಎತ್ತಿ ನಿಲ್ಲಿಸಿದ ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ಕಟ್ಟಿ ನಿಧಾನಕ್ಕೆ ತಿರುಗಿಸಿದೆ. ಒಂದು ಗಂಟೆಗೆ ಕನ್ನಡಿ.

ಬಣ್ಣದ ವಿಷಯ. ಎಲ್ಲರೂ ಮಿಲಿಟರಿ ಹಸಿರು ಕೇಳುತ್ತಾರೆ. ಆಲಿವ್ ಗ್ರೀನ್ ಸೇನೆಯ ಗಾಡಿಗೆ ಮಾತ್ರ, ಮೋಟಾರು ವಾಹನ ನಿಯಮದಲ್ಲೇ ಹಾಗಿದೆ. ನಾನು ಆರ್‌ಸಿಯಲ್ಲಿ ಇದ್ದ ಬೂದು ಬಣ್ಣವನ್ನೇ ಹೊಡೆಸಿದೆ. ವಿಂಟೇಜ್ ನೋಂದಣಿಗೂ ಹೋಗಲಿಲ್ಲ. 50 ವರ್ಷ ದಾಟಿದ ಗಾಡಿಗೆ 2021ರಿಂದ ಆ ಸೌಲಭ್ಯ ಇದೆ, ಹೊಸ ನೋಂದಣಿಗೆ 20 ಸಾವಿರ. ಆದರೆ ಅದನ್ನು ದಿನಾ ಓಡಿಸುವ ಹಾಗಿಲ್ಲ. ನನ್ನ ಗಿರಾಕಿಗೆ ತೋಟದಲ್ಲಿ ಓಡಿಸುವ ಜೀಪು ಬೇಕಿತ್ತು. ಹಾಗಾಗಿ ಮಾಮೂಲಿ ನೋಂದಣಿಯ ನವೀಕರಣವನ್ನೇ ಮಾಡಿಸಿದೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಜೀಪಿಗೆ 1.35 ಲಕ್ಷ, ಎಂಜಿನ್ನಿಗೆ ಎರಡೂ ಸಲ ಸೇರಿ 95 ಸಾವಿರ, ಟ್ರಾನ್ಸ್‌ಫರ್ ಕೇಸು ಹೌಸಿಂಗು 40, ಟಿಂಕರಿಂಗ್ ಬಣ್ಣ 70, ಐದು ಟೈರು 28. ಬ್ರೇಕು, ಸ್ಟೀರಿಂಗು, ಕಿಂಗ್ ಪಿನ್, ವೈರಿಂಗಿಗೆ 30, ಹುಡ್ಡು ಸೀಟಿಗೆ 18, ಕಾಗದಪತ್ರಕ್ಕೆ 12. ಹತ್ತಿರ ಹತ್ತಿರ 4.3 ಲಕ್ಷ, 14 ತಿಂಗಳು. ನನ್ನ ಕೂಲಿ ಹಾಕಿಲ್ಲ. ಅದೇ ಸಮಯದಲ್ಲಿ ಪಕ್ಕದ ಊರಿನಲ್ಲಿ ಡೀಸೆಲ್ ಹಾಕಿದ, ನೋಡಲು ಇದಕ್ಕಿಂತ ಚಂದದ ಜೀಪು 3 ಲಕ್ಷಕ್ಕೆ ಹೋಯಿತು.

ಕೊಳ್ಳಲು ಬಂದವರು ಮಡಿಕೇರಿ ಕಡೆಯವರು. ಬಾನೆಟ್ ಎತ್ತಿ ಎಂಜಿನ್ ನಂಬರನ್ನು ಆರ್‌ಸಿಗೆ ಹೋಲಿಸಿ ನೋಡಿದರು. ಆಮೇಲೆ ಚೌಕಾಸಿಯನ್ನೇ ಮಾಡಲಿಲ್ಲ. "ಅಪ್ಪ ಓಡಿಸುತ್ತಿದ್ದ ಜೀಪಿನದ್ದೇ ಶಬ್ದ" ಅಂದರು ಅಷ್ಟೆ. ಆ ದುಡ್ಡಿನಲ್ಲಿ ಇನ್ನೊಂದು ಪೆಟ್ರೋಲ್ 3ಬಿ ತಂದು ನಿಲ್ಲಿಸಿದ್ದೇನೆ, ಇದು ಲೆಫ್ಟ್ ಹ್ಯಾಂಡ್ (ಸ್ಟೀರಿಂಗ್ ಎಡಗಡೆ). ನಿನ್ನೆ ಚಕ್ರ ಎತ್ತಿ ಎಣಿಸಿದೆ, ಹಿಂದೆ ಮುಂದೆ ಎರಡೂ ಒಂದೇ ಲೆಕ್ಕ.