ಎಂಟು ಗಂಟೆಗೊಂದು ಊರು: ಅತ್ತೆಯ ಜೊತೆ ಮೆಡಿಟರೇನಿಯನ್ ಕ್ರೂಸ್

ಮೆಡಿಟರೇನಿಯನ್ ಕ್ರೂಸಿನಲ್ಲಿ ಒಂದೊಂದು ಬಂದರಿಗೆ ಸಿಗುವುದು ಸಾಮಾನ್ಯವಾಗಿ 8–9 ಗಂಟೆ. ಇಳಿಯುವ, ಹತ್ತುವ ಸಾಲಿನ ಹೊತ್ತು ಕಳೆದರೆ ಆರೇಳು. ಬ್ರೋಷರಿನಲ್ಲಿ ರೋಮ್ ಎಂದಿರುತ್ತದೆ, ಹಡಗು ನಿಲ್ಲುವುದು ಎಪ್ಪತ್ತೆಂಬತ್ತು ಕಿಲೋಮೀಟರ್ ಆಚೆಯ ಚಿವಿಟವೆಕ್ಕಿಯಾದಲ್ಲಿ. ಫ್ಲಾರೆನ್ಸ್ ಎಂದರೆ ಲಿವೋರ್ನೊ, ಅಥೆನ್ಸ್ ಎಂದರೆ ಪಿರೇಯಸ್. ನಾನು, ಇವರು, ಮಂಡಿನೋವಿನ ಅತ್ತೆ ಮೂವರೂ ಅಕ್ಟೋಬರಿನಲ್ಲಿ ಹೊರಟಾಗ ಮನೆಯಲ್ಲೇ ತೀರ್ಮಾನಿಸಿಕೊಂಡಿದ್ದು ಇಷ್ಟು: ಒಂದು ಬಂದರಿಗೆ ಒಂದೇ ಜಾಗ, ರೈಲು ಇದ್ದ ಕಡೆ ರೈಲು.

ಮಾರ್ಗ ಆರಿಸುವಾಗ ವೀಸಾ ನೆನಪಿರಲಿ. ನಮ್ಮದು ಇಟಲಿ, ಮಾಲ್ಟಾ, ಗ್ರೀಸ್. ಮೂರೂ ಷೆಂಗೆನ್ ದೇಶಗಳಾದ್ದರಿಂದ ಒಂದೇ ವೀಸಾ ಸಾಕಾಯಿತು. ಹೆಚ್ಚು ರಾತ್ರಿ ಇಟಲಿಯಲ್ಲಿ ಇದ್ದುದರಿಂದ ಇಟಲಿಗೇ ಅರ್ಜಿ ಹಾಕಿದೆವು. ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಮಾಂಟೆನೆಗ್ರೊದ ಕೋಟರ್ ಅಥವಾ ಟರ್ಕಿ ಇರುವ ಮಾರ್ಗವಾದರೆ ಹಡಗು ಷೆಂಗೆನ್ ಬಿಟ್ಟು ಮತ್ತೆ ಒಳಗೆ ಬರುತ್ತದೆ, ಆಗ ಒಂದೇ ಸಲ ಒಳಬರಲು ಬಿಡುವ ವೀಸಾ ಸಾಲದು, ಮಲ್ಟಿಪಲ್ ಎಂಟ್ರಿ ಕೇಳಿ ಪಡೆಯಿರಿ. ದರದಲ್ಲಿ ಕೋಣೆ, ಊಟ ಸೇರಿದ್ದರೂ ಟಿಪ್ಸು, ವೈಫೈ, ಬಾಟಲಿ ನೀರಿನ ಲೆಕ್ಕ ಬೇರೆ. ಹಡಗು ದಡ ಬಿಟ್ಟ ತಕ್ಷಣ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಬಿಡಿ. ಸಮುದ್ರದ ನೆಟ್‌ವರ್ಕಿಗೆ ಅಂಟಿಕೊಂಡರೆ ಬರುವ ಬಿಲ್ಲು ವಿಮಾನದ ಟಿಕೆಟ್ಟಿಗೆ ಸ್ಪರ್ಧೆ ಕೊಡುತ್ತದೆ.

ಹಡಗಿನವರೇ ಮಾರುವ ಟೂರುಗಳ ಬಗ್ಗೆ ಒಂದು ಮಾತು. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನೀವಾಗಿ ಹೋಗಿ ತಡಮಾಡಿದರೆ ಕಾಯುವುದಿಲ್ಲ. ಇದು ನಿಜವೇ. ಆದರೆ ಆ ಹೆದರಿಕೆಯನ್ನೇ ದುಬಾರಿ ಬೆಲೆಗೆ ಮಾರುತ್ತಾರೆಂದು ನನಗನ್ನಿಸುತ್ತದೆ. ಹಡಗು ಹೊರಡುವ ಹೊತ್ತಿಗೆ ಎರಡು ಗಂಟೆ ಮೊದಲೇ ಬಂದರಿಗೆ ಮರಳುವ ಲೆಕ್ಕ ಇಟ್ಟುಕೊಂಡರೆ ಸಾಕು. ಗ್ರೀಸಿನ ಗಡಿಯಾರ ಇಟಲಿಗಿಂತ ಒಂದು ಗಂಟೆ ಮುಂದೆ. ಫೋನು ತನ್ನಷ್ಟಕ್ಕೇ ಸಮಯ ಬದಲಿಸಿಕೊಂಡರೆ ಗೊಂದಲ. ಇವರು ಕೈಗಡಿಯಾರಕ್ಕೆ ಹಡಗಿನ ಸಮಯ ಇಟ್ಟುಕೊಂಡು ಅದನ್ನೊಂದೇ ನಂಬಿದರು.

ನೇಪಲ್ಸಿನಲ್ಲಿ ಮಾತ್ರ ಎರಡು ಜಾಗ ನೋಡಿದೆವು. ಹಡಗು ಊರಿನ ನಡುವೆಯೇ ನಿಲ್ಲುತ್ತದೆ, ಇಳಿದರೆ ಎದುರಿಗೇ ಕೋಟೆ. ಗಾರಿಬಾಲ್ಡಿ ನಿಲ್ದಾಣದಿಂದ ಚಿರ್ಕುಮ್‌ವೆಸುವಿಯಾನಾ ಎಂಬ ಲೋಕಲ್ ರೈಲು ಹಿಡಿದರೆ ಮುಕ್ಕಾಲು ಗಂಟೆಯೊಳಗೆ ಪೊಂಪೇಯಿ. ರೈಲು ಗಿಜಿಗುಡುತ್ತದೆ, ಜೇಬುಗಳ್ಳರೂ ಇರುತ್ತಾರೆ, ಬ್ಯಾಗು ಎದೆಯ ಮೇಲಿರಲಿ. 'ಪೊಂಪೇಯಿ ಸ್ಕಾವಿ' ನಿಲ್ದಾಣದಲ್ಲೇ ಇಳಿಯಿರಿ, ಬಾಗಿಲು ಅಲ್ಲೇ ಹತ್ತಿರ. 2024ರ ನವೆಂಬರಿನಿಂದ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ, ಟಿಕೆಟ್ಟಿನ ಮೇಲೆ ಹೆಸರೂ ಇರುತ್ತದೆ. ನಮ್ಮ ಊರಿನಲ್ಲಿರುವಾಗಲೇ ಬುಕ್ ಮಾಡಿಕೊಂಡು, ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹೆಸರು ಹಾಕಿದ್ದೆವು.

ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಊರು ಎಂದು ಎಲ್ಲರೂ ಓದಿರುತ್ತೇವೆ. ನನ್ನ ಕಣ್ಣು ಅಂಟಿಕೊಂಡಿದ್ದು ಬೀದಿಗೆ. ಕಾಲುದಾರಿ ಎತ್ತರದಲ್ಲಿ, ಬೀದಿ ತಗ್ಗಿನಲ್ಲಿ. ನೀರು, ಕೊಚ್ಚೆ ಹರಿಯುವ ಬೀದಿಗೆ ಕಾಲಿಡದೆ ದಾಟಲಿ ಎಂದು ಅಡ್ಡಲಾಗಿ ದಪ್ಪ ದಪ್ಪ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಆ ಕಲ್ಲುಗಳ ನಡುವೆ ಗಾಡಿಯ ಚಕ್ರ ಹೋಗುವಷ್ಟು ಸಂದು. ಚಕ್ರ ಉರುಳಿ ಉರುಳಿ ಹಾಸುಗಲ್ಲಿನಲ್ಲಿ ಬಿದ್ದ ಜಾಡಿಗೆ ಬೆರಳಿಟ್ಟರೆ ಒಳಗಿಳಿಯುತ್ತದೆ. ಬೀದಿಬದಿಯ ತಿಂಡಿ ಅಂಗಡಿಗಳಲ್ಲಿ ಕಲ್ಲಿನ ಕಟ್ಟೆ, ಕಟ್ಟೆಯೊಳಗೆ ಹುದುಗಿಸಿದ ಮಣ್ಣಿನ ಗುಡಾಣ, ಮೇಲೆ ದುಂಡನೆ ಬಾಯಿ. "ನಮ್ಮ ದರ್ಶಿನಿ ಹೋಟೆಲೇ ಅಲ್ವೇನೇ, ನಿಂತೇ ತಿಂದು ಹೋಗೋದು" ಎಂದರು ಅತ್ತೆ. ಆಮೇಲೆ ಅಂಥ ಅಂಗಡಿ ಸಿಕ್ಕಲ್ಲೆಲ್ಲ ಒಲೆ ಎಲ್ಲಿದ್ದಿರಬಹುದೆಂದು ಅವರದೇ ಹುಡುಕಾಟ. ನೆರಳು ಕಡಿಮೆ, ಕಲ್ಲು ಉಬ್ಬುತಗ್ಗು. ಮಂಡಿನೋವಿದ್ದವರಿಗೆ ಊರುಗೋಲು, ಹಿಡಿತದ ಶೂ ಎರಡೂ ಬೇಕು.

ಮಧ್ಯಾಹ್ನ ನೇಪಲ್ಸಿನ ಪುರಾತತ್ತ್ವ ಮ್ಯೂಸಿಯಮ್ಮಿಗೆ ಹೋಗಿದ್ದು ಒಂದು ಚಿಕ್ಕ ದಂತದ ಗೊಂಬೆಗಾಗಿ. 1938ರಲ್ಲಿ ಪೊಂಪೇಯಿಯ ಮನೆಯೊಂದರಲ್ಲಿ ಸಿಕ್ಕಿದ್ದು, ಗೇಣುದ್ದದ್ದು, ಭಾರತದಲ್ಲಿ ಕೆತ್ತಿದ್ದು. 'ಪೊಂಪೇಯಿ ಲಕ್ಷ್ಮಿ' ಎಂದೇ ಹೆಸರು, ಯಕ್ಷಿ ಇರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮೈತುಂಬ ಆಭರಣ, ಎರಡು ಪಕ್ಕಕ್ಕೂ ಪುಟ್ಟ ಸೇವಕಿಯರು. ಇಟ್ಟಿರುವುದು ಮಾತ್ರ 'ರಹಸ್ಯ ಕೋಣೆ'ಯಲ್ಲಿ, ಅಂದರೆ ರೋಮನ್ನರ ಶೃಂಗಾರ ಚಿತ್ರ, ಶಿಲ್ಪಗಳನ್ನೆಲ್ಲ ಒಟ್ಟುಮಾಡಿದ ಕಡೆ. ನಾನು ಬಾಗಿಲಲ್ಲಿ ಹಿಂದೆಮುಂದೆ ನೋಡುತ್ತಿದ್ದರೆ ಅತ್ತೆ, "ಬೇಲೂರಿನ ಗೋಡೆ ಮೇಲೆ ಇಲ್ಲದ್ದು ಇಲ್ಲೇನಿರತ್ತೆ, ನಡಿ" ಎಂದು ಮುಂದೆ ಹೋದರು. ಮ್ಯೂಸಿಯಮ್ಮಿಗೆ ಮಂಗಳವಾರ ರಜೆ.

ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ ಬಂದರಿನಿಂದ ನಡೆದೇ ಕೆಥೆಡ್ರಲ್ ತಲುಪಬಹುದು. 1908ರ ಭೂಕಂಪ ಊರನ್ನೇ ನೆಲಸಮ ಮಾಡಿತ್ತು. ಈಗಿನ ಗಂಟೆಗೋಪುರದ ಯಂತ್ರಗಡಿಯಾರ 1933ರದ್ದು. ನಡುಮಧ್ಯಾಹ್ನ ಅದರ ಸಿಂಹದ ಬೊಂಬೆ ಗರ್ಜಿಸುತ್ತದೆ, ಹುಂಜ ಕೂಗುತ್ತದೆ. ಅಷ್ಟು ನೋಡಿ, ಐಸ್‌ಕ್ರೀಮು ತಿಂದು ವಾಪಸ್ಸು.

ಮಾಲ್ಟಾದ ವಲೆಟ್ಟಾಕ್ಕೆ ಹಡಗು ಒಳಬರುವ ಹೊತ್ತಿಗೆ ನಿದ್ದೆ ಮಾಡಬೇಡಿ. ಎರಡೂ ಕಡೆ ಜೇನುಬಣ್ಣದ ಕೋಟೆಗೋಡೆ ಕೈಗೆಟುಕುವಷ್ಟು ಹತ್ತಿರ ಸರಿಯುತ್ತದೆ. 1565ರಲ್ಲಿ ಒಟ್ಟೋಮನ್ (ತುರ್ಕಿ) ಸಾಮ್ರಾಜ್ಯದವರ ಮುತ್ತಿಗೆ ತಡೆದ ನೈಟರು, ಅಂದರೆ ಸೇಂಟ್ ಜಾನ್ ಪಂಥದ ಕ್ರೈಸ್ತ ಯೋಧರು, ಮರುವರ್ಷವೇ ಕಟ್ಟಲು ಶುರುಮಾಡಿದ ಊರಿದು. ಕೆಳಗಿನ ದಂಡೆಯಿಂದ ಮೇಲಿನ ಬರಾಕ್ಕಾ ತೋಟಕ್ಕೆ ಲಿಫ್ಟು ಇದೆ, ಅತ್ತೆಗೆ ಅದೇ ದೇವರು. ನಮ್ಮ ಒಂದೇ ಜಾಗ ಸೇಂಟ್ ಜಾನ್ ಕೋ-ಕೆಥೆಡ್ರಲ್. ನೆಲವೆಲ್ಲ ನೈಟರ ಬಣ್ಣಬಣ್ಣದ ಅಮೃತಶಿಲೆಯ ಸಮಾಧಿಗಲ್ಲು, ಒಳಗೆ ಕರವಾಜಿಯೊ 1608ರಲ್ಲಿ ಬರೆದ ಯೋಹಾನನ ಶಿರಚ್ಛೇದದ ಚಿತ್ರ.

ಊಟದ ವಿಷಯ. ಹಡಗಿನ ಸಿಬ್ಬಂದಿಯಲ್ಲಿ ನಮ್ಮ ಕರಾವಳಿಯವರು ಬೇಕಾದಷ್ಟಿದ್ದಾರೆ. ನಮ್ಮ ಟೇಬಲ್ಲಿಗೆ ಬಂದವನು ಉಡುಪಿ ಕಡೆಯ ಹುಡುಗ. "ಎಂತ ಬೇಕು ಹೇಳಿ ಅಮ್ಮ, ಮೊದಲ ದಿನವೇ ಹೇಳಿದ್ರೆ ದಿನಾ ರಾತ್ರಿ ಅನ್ನ, ದಾಲು ಮಾಡಿಸುವ. ಕುಚ್ಚಲಕ್ಕಿ ಮಾತ್ರ ಕೇಳ್ಬೇಡಿ, ನಮಗೇ ಸಿಕ್ಕುದಿಲ್ಲ" ಎಂದ. ಇಡೀ ದಿನ ಸಮುದ್ರದಲ್ಲೇ ಕಳೆದಾಗ ಅತ್ತೆಗೂ ಅವನಿಗೂ ಪತ್ರೊಡೆಯ ಬಗ್ಗೆಯೇ ಮಾತು.

ಪಿರೇಯಸ್‌ನಿಂದ ಹಸಿರು ಮೆಟ್ರೊ ಹತ್ತಿ ಮೊನಾಸ್ತಿರಾಕಿಯಲ್ಲಿ ಇಳಿದರೆ ಆಕ್ರೊಪೊಲಿಸ್ ಗುಡ್ಡ ತಲೆಯ ಮೇಲೇ ಕಾಣುತ್ತದೆ. ಟಿಕೆಟ್ಟಿಗೆ ಗಂಟೆ ನಿಗದಿ, ಬೆಳಗಿನದ್ದನ್ನೇ ಆರಿಸಿ. ಕಾಲಡಿಯ ಅಮೃತಶಿಲೆ ಸವೆದು ಜಾರುತ್ತದೆ. ಅತ್ತೆ ಬುಡದ ಮ್ಯೂಸಿಯಮ್ಮಿನಲ್ಲಿ ಕೂತರು, ನಾವಿಬ್ಬರು ಹತ್ತಿದೆವು. ಮೇಲಿರುವ ಪಾರ್ಥೆನಾನ್ ದೇಗುಲದ ನಡುಭಾಗ ಬಯಲಾಗಿರುವುದು ಕಾಲ ಸವೆಸಿದ್ದರಿಂದಲ್ಲ. 1687ರಲ್ಲಿ ಒಟ್ಟೋಮನ್ನರು ಅಲ್ಲಿಟ್ಟಿದ್ದ ಮದ್ದಿನ ರಾಶಿಗೆ ವೆನಿಸಿನವರ ಗುಂಡು ಬಿದ್ದು ಸಿಡಿದದ್ದು.

ರೋಮನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆವು. ಹಡಗು ಬಿಟ್ಟ ಮೇಲೆ ವಾಪಸ್ಸಿನ ಆತುರವಿಲ್ಲ. ಬಂದರಿನ ಬಸ್ಸು, ಆಮೇಲೆ ಸುಮಾರು ಒಂದು ಗಂಟೆಯ ರೈಲು. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದಂಡ. ಟರ್ಮಿನಿ ನಿಲ್ದಾಣದಲ್ಲಿ ಲಗೇಜು ಇಟ್ಟು, ಕೊಲೋಸಿಯಮ್ಮನ್ನು ಹೊರಗಿನಿಂದಷ್ಟೇ ನೋಡಿ, ಕ್ಯಾಪಿಟೊಲಿನ್ ಗುಡ್ಡದ ಸಾಂತಾ ಮರಿಯಾ ಇನ್ ಅರಾಚೇಲಿ ಚರ್ಚಿಗೆ ಹೋದೆವು. ಇಕ್ಕೇರಿ ಪಕ್ಕದ ಸಾಗರ ಊರಿನವರಾದ ನಮಗೆ ಅಲ್ಲೊಂದು ಕೆಲಸವಿತ್ತು. ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮಿನವನು 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರ, ಗೇರುಸೊಪ್ಪೆ ಹಾದು ಇಕ್ಕೇರಿಗೆ ಬಂದಿದ್ದ. ಅಲ್ಲಿನ ಅರಸ ವೆಂಕಟಪ್ಪ ನಾಯಕನ ಆಸ್ಥಾನ ಕಂಡ. ದಾರಿಯ ದೇವಸ್ಥಾನದಲ್ಲಿ ಹುಡುಗರು ಮರಳ ಮೇಲೆ ಬರೆಯುತ್ತ ರಾಗವಾಗಿ ಲೆಕ್ಕ ಕಲಿಯುವುದನ್ನೂ ಬರೆದಿಟ್ಟ. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿ ಮಾನಿಯ ದೇಹವನ್ನು ವರ್ಷಗಟ್ಟಲೆ ಜೊತೆಗೇ ಸಾಗಿಸಿಕೊಂಡು ತಂದು ಈ ಚರ್ಚಿನಲ್ಲೇ ಹೂಳಿದ, ಕೊನೆಗೆ ಅವನೂ ಇಲ್ಲೇ ಮಣ್ಣಾದ. "ಅಲ್ಲಿಂದ ಇಲ್ಲಿತನಕ ಹೊತ್ಕೊಂಡು ಬಂದ್ನಾ?" ಎಂದು ಅತ್ತೆ ಎರಡೆರಡು ಸಲ ಕೇಳಿದರು.

ಎದುರಿನ 124 ಮೆಟ್ಟಿಲು ಬೇಡವೆಂದರೆ ಪಕ್ಕದ ಇಳಿಜಾರಿನಿಂದ ಗುಡ್ಡದ ಮೇಲಿನ ಚೌಕಕ್ಕೆ ಹೋಗಿ, ಅಲ್ಲಿಂದ ಪಕ್ಕದ ಬಾಗಿಲಿನಿಂದ ಒಳಹೋಗಬಹುದು. ಇಂಥ ದಿನಕ್ಕೆ ವಿಮಾನ ರಾತ್ರಿಯದ್ದಿರಲಿ. ಬೆಳಗಿನ ವಿಮಾನ ಅಗ್ಗಕ್ಕೆ ಸಿಕ್ಕಿತೆಂದು ಹಿಡಿದರೆ, ಹಡಗು ದಡ ಸೇರಲು ಒಂದು ಗಂಟೆ ತಡಮಾಡಿದರೂ ಟಿಕೆಟ್ಟು ಹೋದಂತೆಯೇ.